ಜೀರುಂಡೆ ತೀರ್ಥ

ಇಡೀ ಊರಿಗೆ ಉಚ್ಚೆ ಕುಡಿಸಿದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಕೇಳಿಕೊಂಡು ಬನ್ನಿ, ಇಂಥ ಕೆಲಸ ಮಾಡಿ ದಕ್ಕಿಸಿಕೊಂಡ ಇನ್ನೊಬ್ಬ ಸಿಕ್ಕಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ. ಕುಡಿದವರು ಸುಮ್ಮನೆ ಕುಡಿಯಲಿಲ್ಲ, ಕಣ್ಣಿಗೊತ್ತಿಕೊಂಡು ಕುಡಿದರು. ಮಿಕ್ಕಿದ್ದನ್ನು ತಲೆಗೆ ಸವರಿಕೊಂಡರು. ಕಾಯಿಲೆ ಮಲಗಿದವರಿಗೆ ಎಂದು ತಂಬಿಗೆಯಲ್ಲಿ ಹಿಡಿದುಕೊಂಡು ಹೋದರು. ಆಗ ನನಗೆ ಹತ್ತೋ ಹನ್ನೊಂದೋ. ಈ ಕಥೆಯನ್ನು ಟೀ ಅಂಗಡಿಯಲ್ಲಿ ನೂರು ಸಲ ಹೇಳಿ ನೂರು ಸಲವೂ ಜನರನ್ನು ನಗಿಸಿದ್ದೇನೆ. ಆದರೆ ಅಲ್ಲಿ ಹೇಳುವುದು ಅರ್ಧ ಮಾತ್ರ. ಉಳಿದರ್ಧಕ್ಕೆ ಬಾಯಿ ತೆರೆದರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ, ಟೀ ಆರಿಹೋಗುತ್ತದೆ, ಎದುರಿಗೆ ಕೂತವರು ಮೆಲ್ಲಗೆ ಎದ್ದು ಹೋಗುತ್ತಾರೆ. ಕಾಗದವಾದರೆ ಎದ್ದು ಹೋಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕರಿಘಟ್ಟದ ಬೆನ್ನಿಗಿರುವ ಊರು ನಮ್ಮದು. ಒಂದು ಮಗ್ಗುಲಿಗೆ ನಾಲೆ ನೀರಿನ ಗದ್ದೆ, ಇನ್ನೊಂದು ಮಗ್ಗುಲಿಗೆ ಬೆಟ್ಟದ ಕುರುಚಲು ಕಾಡು. ಮರಗೆಲಸದ ಆಚಾರರ ಮನೆ. ಮುಂದೆ ಜಗಲಿ, ಜಗಲಿಯ ಮೇಲೆ ಅಪ್ಪನನ್ನು ಹೆತ್ತ ಅಜ್ಜಿ. ಅಲ್ಲಿಂದ ನೆಟ್ಟಗೆ ನೋಡಿದರೆ ನಡುಮನೆ, ನಡುಮನೆಯಾಚೆ ಅಡಿಗೆಮನೆ, ಅದರಾಚೆ ಹಿತ್ತಲ ಬಾಗಿಲು. ಅಡಿಗೆಮನೆಗೆ ಮಾತ್ರ ಬಾಗಿಲಿರಲಿಲ್ಲ. ಒಂದು ಗೋಣಿತಾಟನ್ನು ಇಳಿಬಿಟ್ಟಿದ್ದರು, ಅದೂ ಮೊಣಕಾಲಿಗೆ ಬರುವಷ್ಟು ಸವೆದಿತ್ತು. ಅವ್ವ ಒಲೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟರೂ ಜಗಲಿಯಿಂದ ಕಾಣುತ್ತಿತ್ತು. ಅಜ್ಜಿ ಅದನ್ನು ನೋಡುತ್ತಲೇ ಕೂತಿರುತ್ತಿದ್ದಳು. ಅಪ್ಪ ಎಂಥ ಕೆಲಸಗಾರನೆಂದರೆ, ಪಾಂಡವಪುರದ ಕಡೆ ದೊಡ್ಡ ಮನೆ ಕಟ್ಟಿಸಿದವರೆಲ್ಲ ತಲೆಬಾಗಿಲಿಗೆ ಅವನನ್ನೇ ಕರೆಸುತ್ತಿದ್ದರು. ಕೆ.ಆರ್.ಪೇಟೆ ಕಡೆ ಗಾಡಿ ಗಾಲಿ, ನಾಗಮಂಗಲದ ಕಡೆ ಹೂಬಳ್ಳಿ ಕೆತ್ತಿದ ಬಾಗಿಲುವಾಡ. ಹೆಗಲಿಗೆ ಹತಾರದ ಚೀಲ ಹಾಕಿಕೊಂಡು ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದಾಗಲೂ ತಾಯಿಯ ಎದುರಿಗೆ ಹೆಂಡತಿಯ ಜೊತೆ ಮಾತಿಲ್ಲ. ಅವ್ವ ಆಡುತ್ತಿದ್ದದ್ದು ಮೂರೇ ಮಾತು: ನೀರು ಕಾದಿದೆ, ಊಟಕ್ಕೆ ಏಳಿ, ದೀಪ ಆರಿಸಲೇ.

ಜೀರುಂಡೆ ಕೂಗುವ ಆರೇಳು ವಾರ ಮಾತ್ರ ಬೇರೆ. ಜೀರುಂಡೆ ಎಂದರೆ ನಾವು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವಲ್ಲ, ಹಸಿರು ಮಿಂಚಿನ ಜೀರ್ಜಿಂಬೆ, ಅದಲ್ಲ. ಅದಕ್ಕೆ ಬರೀ ಚೆಂದ. ಇದು ತೊಗಟೆಯ ಬಣ್ಣದ್ದು, ಹೆಬ್ಬೆರಳಷ್ಟು ದಪ್ಪ, ರೆಕ್ಕೆಯ ತುಂಬ ಮರದ ಗಂಟಿನಂಥ ಮಚ್ಚೆ. ಕಾಂಡಕ್ಕೆ ಅಂಟಿ ಕೂತರೆ ಮೂಗಿನ ಮುಂದಿದ್ದರೂ ಕಾಣುವುದಿಲ್ಲ, ಬಾಯಿ ತೆರೆದರೆ ಎರಡು ಹೊಲದಾಚೆಗೆ ಕೇಳಿಸುತ್ತದೆ. ಮರಿ ವರ್ಷಗಟ್ಟಲೆ ನೆಲದೊಳಗೇ ಇರುತ್ತದೆ, ಬೇರಿನ ರಸ ಹೀರಿಕೊಂಡು. ಹೊಂಗೆಯ ಹೂ ಉದುರಿ ಹಿತ್ತಲೆಲ್ಲ ಬಿಳಿಯಾಗುವ ಹೊತ್ತಿಗೆ, ಹೊತ್ತು ಮುಳುಗಿದ ಮೇಲೆ, ಮಣ್ಣು ತೂತು ಮಾಡಿಕೊಂಡು ಹೊರಬಂದು ಕಾಂಡ ಹತ್ತುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬೆನ್ನು ಸೀಳಿದ ಪೊರೆಗಳು ಸಾಲಾಗಿ ಮರ ಕಚ್ಚಿಕೊಂಡಿರುತ್ತಿದ್ದವು. ಆ ಪೊರೆಗಳನ್ನು ಬಿಡಿಸಿ, ಇಸ್ಕೂಲಿನಲ್ಲಿ ತೂಕಡಿಸುವ ಮೇಷ್ಟರ ಕೋಟಿನ ಬೆನ್ನಿಗೆ ಹನ್ನೆರಡು ಅಂಟಿಸಿ ಕಳಿಸಿದ್ದೇನೆ. ಅವರು ಹಾಗೇ ಬೀದಿಯುದ್ದಕ್ಕೂ ಗಂಭೀರವಾಗಿ ನಡೆದು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಆ ವಾರಗಳಲ್ಲಿ ಅಪ್ಪ ಊರು ಬಿಟ್ಟು ಹೋಗುತ್ತಿರಲಿಲ್ಲ. ಜೀರುಂಡೆ ಕೂಗುವ ಕಾಲದಲ್ಲಿ ಮರಕ್ಕೆ ಕೊಡಲಿ ಹಾಕಬಾರದು, ಮರದೊಳಗೆ ರಸ ಓಡಾಡುತ್ತಿರುತ್ತದೆ, ಆಗ ಕಡಿದ ಮರ ಸೊಟ್ಟಗಾಗುತ್ತದೆ, ಹುಳ ಬೀಳುತ್ತದೆ ಎನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಒಣಗಿದ ಮರದ ಕೆಲಸವನ್ನಷ್ಟೇ ಇಟ್ಟುಕೊಂಡು ಹಿತ್ತಲ ಹೊಂಗೆಯ ಕೆಳಗೆ ಕೂರುತ್ತಿದ್ದ. ಬಿಸಿಲು ಗೋಡೆಯಿಂದ ಇಳಿದು ಬಾವಿಕಟ್ಟೆ ಮುಟ್ಟಿದ ಕೂಡಲೇ ಒಂದು ಜೀರುಂಡೆ ಶುರು ಮಾಡುತ್ತಿತ್ತು, ಹಿಂದೆಯೇ ಮರವೆಲ್ಲ. ಕಿವಿಯೊಳಗೆ ಗರಗಸ ಎಳೆದಂತೆ. ಜಗಲಿಯಲ್ಲಿರುವ ಅಜ್ಜಿಗೆ ಹಿತ್ತಲಿನ ಒಂದಕ್ಷರವೂ ಕೇಳುತ್ತಿರಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂಬಾಗಿಲು ದಾಟಿ ಬರುತ್ತಿದ್ದಳು. ವರ್ಷವೆಲ್ಲ ಕೂಡಿಟ್ಟ ಜಗಳವನ್ನು ಅಲ್ಲಿ ಬಿಚ್ಚುತ್ತಿದ್ದಳು. ನಾನು ಕೊಂಬೆಯ ಮೇಲೆ ಕೂತು ಕೇಳುತ್ತಿದ್ದೆ. ಇನ್ನೊಂದು ವಿಷಯ ಗಮನಿಸಿ: ಬೇರೆ ದಿನವೆಲ್ಲ ಅಪ್ಪನನ್ನು 'ನೀವು' ಎನ್ನುತ್ತಿದ್ದವಳು ಜೀರುಂಡೆಯ ಹೊತ್ತಿನಲ್ಲಿ 'ನೀನು' ಎನ್ನುತ್ತಿದ್ದಳು.

"ನಾಗಮಂಗ್ಲುದೋರ್ಗೆ ಊವು ಕೆತ್ತಿ ಬಾಗ್ಲು ಮಾಡ್ಕೊಟ್ಟೆ. ಊರೋರ್ಗೆಲ್ಲ ಮಾಡ್ಕೊಟ್ಟೆ. ನಾನೊಂದು ತುತ್ತು ಉಣ್ಣಾದ್ನ ನಿಮ್ಮವ್ವ ಜಗ್ಲಿ ಮ್ಯಾಲೆ ಕುಂತು ನೋಡ್ತಾಳೆ. ನಂಗೊಂದು ಬಾಗ್ಲು ಬ್ಯಾಡ್ವಾ?"

"ಬಾಗ್ಲು ಇಕ್ಕುದ್ರೆ ಅವ್ಳು ಬುಟ್ಟಾಳೇನೆ? ಸೊಸೆ ಬಾಗ್ಲಾಕ್ಕಂಡು ಉಣ್ತಾಳೆ ಅಂತ ಊರ್ಗೆಲ್ಲ ಸಾರ್ಕಬತ್ತಾಳೆ."

"ಸಾರ್ಲಿ! ನಿಂಗೆ ಎದ್ರುಕೆ. ಉಳಿ ಇಡ್ಯೋ ಕೈಗೆ ಇರೋ ಧೈರ್ಯ ಬಾಯ್ಗಿಲ್ಲ."

"ನಿನ್ನ ಬಾಯ್ಗೆ ಅದೆಯಲ್ಲ, ಇಬ್ಬರಿಗೂ ಸಾಕು ಬುಡು."

ಇಷ್ಟು ಹೇಳಿ ಅಪ್ಪ ನಗುತ್ತಿದ್ದ. ಅವ್ವ ಇನ್ನಷ್ಟು ರೇಗಿ, ಆಮೇಲೆ ತಾನೂ ನಗುತ್ತಿದ್ದಳು. ಇಲ್ಲಿ ನನ್ನ ಕೈಚಳಕ ಹೇಳಲೇಬೇಕು. ಕೊಂಬೆಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿದರೆ ಅಷ್ಟೂ ಜೀರುಂಡೆ ಗಪ್ಪನೆ ನಿಂತುಬಿಡುತ್ತವೆ. ಅವ್ವನ ಮಾತು ಏರುತ್ತಾ ಏರುತ್ತಾ "ನಿಮ್ಮವ್ವ ಅನ್ನೋಳು" ಎಂಬಲ್ಲಿಗೆ ಬರುವುದನ್ನೇ ಕಾದು ಅಲ್ಲಾಡಿಸುತ್ತಿದ್ದೆ. ಆ ಎರಡು ಪದ ಬತ್ತಲೆಯಾಗಿ ಜಗಲಿಗೆ ಹೋಗಿ ಬೀಳುತ್ತಿದ್ದವು.

"ಏನಂದೆ ಕಣೇ?" ಎಂದು ಅಜ್ಜಿ ಕೂಗುತ್ತಿದ್ದಳು.

"ಏನಿಲ್ಲ ಅತ್ತೆ, ಉಪ್ಪು ಅಂದೆ."

ಅವ್ವ ಮೇಲಕ್ಕೆ ನೋಡಿ ನನಗೆ ಹಲ್ಲು ಕಚ್ಚಿ ತೋರಿಸುತ್ತಿದ್ದಳು. ಸದ್ದು ಮತ್ತೆ ಶುರುವಾದರೆ ಬಿಟ್ಟಲ್ಲಿಂದಲೇ ಜಗಳ ಮುಂದುವರಿಯುತ್ತಿತ್ತು. ಮಳೆ ಬಿದ್ದು ಜೀರುಂಡೆ ಅಡಗುವ ಹೊತ್ತಿಗೆ ಅಪ್ಪ ಏನೂ ಹೇಳದೆ ಅವ್ವನಿಗೆ ಒಂದು ವಸ್ತು ಮಾಡಿಡುತ್ತಿದ್ದ. ಒಂದು ವರ್ಷ ಕಡಗೋಲು, ಒಂದು ವರ್ಷ ಉಪ್ಪಿನ ಮರಿಗೆ, ಒಂದು ವರ್ಷ ಕೂರುವ ಮಣೆ. ಜಗಳ ಗೆದ್ದ ಗುರುತು. ನಾನು ಹೇಳುತ್ತಿರುವ ವರ್ಷ, ಚಳಿಗಾಲದಲ್ಲೇ ಕಡಿದಿಟ್ಟಿದ್ದ ಹಲಸಿನಿಂದ ಹಲಗೆ ಕೊಯ್ದು, ತೋಪಡಾ ಹೊಡೆದು ಮಟ್ಟ ಮಾಡಿ, ಅಡಿಗೆಮನೆಯ ಗೋಡೆಗೆ ಒರಗಿಸಿದ್ದ. ಮುಂದಿನ ಬೇಸಿಗೆಗೆ ಒಣಗುತ್ತವೆ, ಆಗ ಬಾಗಿಲು ಅಂದಿದ್ದ. ಅವ್ವ ಹೋಗುತ್ತ ಬರುತ್ತ ಆ ಹಲಗೆಗಳನ್ನು ಅಂಗೈಯಿಂದ ಸವರುತ್ತಿದ್ದಳು.

ಅದೇ ಬೇಸಿಗೆ ನಾನು ನನ್ನ ಜೀವಮಾನದ ದೊಡ್ಡ ಆಟ ಆಡಿದೆ. ಪಕ್ಕದ ಚಿಕ್ಕೇಗೌಡರ ಹೆಂಡತಿ ತಾಯಮ್ಮ ಒನಕೆಗೆ ಹೊಸ ತುದಿ ಹಾಕಿಸಲು ಹಿತ್ತಲಿಗೆ ಬಂದಿದ್ದಳು. ಅಪ್ಪ ಒಳಗೆ ಉಣ್ಣುತ್ತಿದ್ದ. ಜೀರುಂಡೆ ದಿನವೆಲ್ಲ ರಸ ಹೀರುತ್ತದೆ, ಹೀರಿದ್ದನ್ನು ಹಿಂದಿನಿಂದ ಚಿಮ್ಮಿಸುತ್ತದೆ. ನೂರಾರು ಒಟ್ಟಿಗೆ ಕೂತರೆ ಕೆಳಗಿರುವವರ ಮೇಲೆ ತುಂತುರು. ತಾಯಮ್ಮನ ತೋಳಿನ ಮೇಲೂ ಬಿತ್ತು. ಅವಳು ಆಕಾಶ ನೋಡಿದಳು. ಒಂದು ಚೂರು ಮೋಡವಿಲ್ಲ.

"ಇದೇನ್ಲಾ ಕಾಳ, ಬಿಸ್ಲಲ್ಲಿ ನೀರು ಬೀಳ್ತದೆ?"

ಆ ಹೊತ್ತಿಗೆ ನಾಲಿಗೆಯ ತುದಿಗೆ ಹೇಗೆ ಬಂತೋ ಕಾಣೆ.

"ತೀರ್ಥ ಕಣವ್ವಾ. ಮರದಮ್ಮ ಕೊಡೋದು. ಯಾರ್ಗೂ ಯೋಳ್ಬ್ಯಾಡ ಅಂದವ್ರೆ ನಮ್ಮನೇಲಿ."

ಮುಖ ಎಷ್ಟು ಗಟ್ಟಿಯಾಗಿಟ್ಟುಕೊಂಡಿದ್ದೆ ಎಂದರೆ ನನಗೇ ಭಕ್ತಿ ಬಂತು. ತಾಯಮ್ಮ ಒನಕೆ ಕೆಳಗಿಟ್ಟು, ಬೊಗಸೆ ಒಡ್ಡಿ ನಿಂತು, ನಾಲ್ಕು ಹನಿ ಸೇರಿದ ಮೇಲೆ ಕಣ್ಣು ಮುಚ್ಚಿ ಹೀರಿದಳು. ನಾನು ಹುಲ್ಲಿನ ಬಣವೆಯ ಹಿಂದೆ ಓಡಿ ಬಿದ್ದು ಹೊರಳಾಡಿದೆ. ಅವಳ ಬಹುಕಾಲದ ತಲೆನೋವು ಅವತ್ತೇ ಬಿಟ್ಟಿತಂತೆ. ಮಾರನೆಯ ದಿನ ಹಿತ್ತಲಲ್ಲಿ ಹತ್ತು ಜನ, ವಾರದೊಳಗೆ ಬೀದಿ ತುಂಬ. ಅಜ್ಜಿ ಜಗಲಿ ಬಿಟ್ಟು ಎದ್ದಳು. ಗಂಡ ಸತ್ತ ಮೇಲೆ ಯಾರೂ ಯಾವುದಕ್ಕೂ ಕೇಳದೆ ಮೂಲೆಗೆ ಸೇರಿದ್ದ ಹೆಂಗಸು ಈಗ ಮರದ ಬುಡದಲ್ಲಿ ಮಣೆ ಹಾಕಿಕೊಂಡು ಕೂತು, ಯಾರು ಮೊದಲು ನಿಲ್ಲಬೇಕು, ಯಾರು ಆಮೇಲೆ ನಿಲ್ಲಬೇಕು ಎಂದು ಕೈ ತೋರಿಸತೊಡಗಿದಳು. ಆ ಮಣೆ ಅವ್ವನದು. ಹಿಂದಿನ ವರ್ಷ ಜಗಳ ಗೆದ್ದು ಪಡೆದದ್ದು.

ಅಲ್ಲಿಗೆ ಜಗಳ ನಿಂತಿತು. ಜೀರುಂಡೆ ಕೂಗುತ್ತಿದ್ದವು, ಆದರೆ ಅಜ್ಜಿ ಅವುಗಳ ಕೆಳಗೇ ಕೂತಿದ್ದಳು. ಅಪ್ಪ ಹತಾರ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋದ. ನನಗೆ ಮಾತ್ರ ಸುಗ್ಗಿ. ಮರದಮ್ಮ ಮೊದಲು ಕಾಣಿಸಿಕೊಂಡದ್ದು ನನಗೆ ಎಂದು ಊರೆಲ್ಲ ಸುದ್ದಿ. ಮೊದಲ ಬಾಳೆಹಣ್ಣು ನನಗೆ, ಮೊದಲ ಬೆಲ್ಲದುಂಡೆ ನನಗೆ. ನನ್ನನ್ನು ದಿನಾ ಬಡಿಯುತ್ತಿದ್ದ ದೊಡ್ಡ ಹುಡುಗರು ದಾರಿ ಬಿಡುತ್ತಿದ್ದರು. ಒಂದು ದಿನ ಅವ್ವ ನನ್ನ ಕಿವಿ ಹಿಡಿದು ಒಲೆಯ ಬಳಿಗೆ ಎಳೆದುಕೊಂಡು ಹೋದಳು. ಧ್ವನಿ ಎತ್ತುವ ಹಾಗಿಲ್ಲ, ಉಸಿರಿನಲ್ಲೇ ಬೈದಳು.

"ಅದು ಜೀರುಂಡೆ ಉಚ್ಚೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಾನು ಯೋಳುದ್ರೆ ಸೊಸೆ ಒಟ್ಟೆಕಿಚ್ಚು ಅಂತಾರೆ. ನೀನು ಯೋಳು. ಆಟಕ್ಕೆ ಅಂದೆ ಅನ್ನು."

"ಆಯ್ತು ಬುಡವ್ವ, ನಾಳೀಕೆ ಯೋಳ್ತೀನಿ."

"ನಾಳೀಕೆ ಚಿಕ್ಕೇಗೌಡ್ರು ಮರದ ಸುತ್ತ ಕಟ್ಟೆ ಕಟ್ಟುಸ್ತಾವ್ರೆ ಕಣ್ಲಾ. ಇವತ್ತೇ ಯೋಳು."

ನಾನು ಹೇಳಲಿಲ್ಲ. ಹೆದರಿ ಅಲ್ಲ. ಹೆದರಿ ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ನಾನೇ ಕ್ಷಮಿಸಿಕೊಂಡಿರುತ್ತಿದ್ದೆ. ಬೆಲ್ಲದುಂಡೆ ರುಚಿಯಾಗಿತ್ತು, ಅದಕ್ಕೆ ಹೇಳಲಿಲ್ಲ. ಮಾರನೆಯ ದಿನ ಗಾರೆಯವರು ಬಂದು ಮರದ ಸುತ್ತ ಅಗೆದರು. ಗುದ್ದಲಿಯ ಜೊತೆ ಮರಿಗಳು ಮೇಲೆ ಬಂದವು, ಮಣ್ಣಿನ ಬಣ್ಣದವು, ಏಡಿಯಂಥ ಮುಂಗಾಲು ಆಡಿಸುತ್ತ. ಕೋಳಿಗಳು ಓಡಿಬಂದವು. ಅಪ್ಪ ಒಂದನ್ನು ಅಂಗೈಮೇಲೆ ಇಟ್ಟುಕೊಂಡು ಗೌಡರಿಗೆ ತೋರಿಸಿದ.

"ಇವು ಎತ್ಲಾಗಿಂದ ಮೇಲಕ್ ಬರ್ಬೇಕು ಗೌಡ್ರೇ? ಬೇರ್ಗೂ ಉಸ್ರು ಬೇಕಲ್ವ್ರಾ?"

"ಉಳ ಉಪ್ಪಟೆ ಅಡ್ಡ ಬರ್ಬಾರ್ದು ಆಚಾರಿ, ದೇವ್ರ ಕೆಲ್ಸ."

ಅಪ್ಪ ತನ್ನ ತಾಯಿಯ ಮುಖ ನೋಡಿದ. ಅಷ್ಟು ವರ್ಷದಲ್ಲಿ ಅಜ್ಜಿ ನಗುವುದನ್ನು ಅವನೂ ನೋಡಿರಲಿಲ್ಲವೇನೋ. ಮರಿಯನ್ನು ಮಣ್ಣಿಗೆ ಬಿಟ್ಟು ಕೊಟ್ಟಿಗೆಗೆ ಹೋದ. ಚಪ್ಪಡಿ ಹಾಸಿ, ಸಂದಿಗೆಲ್ಲ ಸಿಮೆಂಟು ಬಳಿದು, ಕಾಂಡಕ್ಕೆ ಒತ್ತಿಕೊಂಡ ಹಾಗೆ ಕಟ್ಟೆ ಎದ್ದಿತು. ನನಗೆ ಹಾರ ಹಾಕಿ ಅದರ ಮೇಲೆ ಮೊದಲು ಕೂರಿಸಿದರು. ಕೂತೆ. ಕಾಲು ಅಲ್ಲಾಡಿಸುತ್ತ ಕೂತಿದ್ದೆ.

ಮುಂದಿನ ಬೇಸಿಗೆ ಹೊಂಗೆ ಹೂ ಬಿಟ್ಟಿತು, ಹೂ ಉದುರಿತು, ಬಿಸಿಲು ಬಾವಿಕಟ್ಟೆ ಮುಟ್ಟಿತು. ಮರ ಬಾಯಿ ಬಿಡಲಿಲ್ಲ. ಗಾಳಿ ಬಂದಾಗ ಕರಿಘಟ್ಟದ ಕುರುಚಲಿನಿಂದ ಸಣ್ಣಗೆ ಸದ್ದು ಬರುತ್ತಿತ್ತು, ಪಕ್ಕದ ಊರಿನ ಮದುವೆಯ ವಾದ್ಯದ ಹಾಗೆ. ನಮ್ಮ ಹಿತ್ತಲಲ್ಲಿ ಅಪ್ಪ ಉಳಿ ಮಸೆಯುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಹಿಂಬಾಗಿಲ ತನಕ ಬಂದಳು. ಬಾಯಿ ತೆರೆದಳು. ಸುತ್ತ ನೋಡಿದಳು. ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟಳು.

"ಊಟಕ್ಕೆ ಏಳಿ" ಎಂದಳು.

ತೀರ್ಥ ನಿಂತದ್ದಕ್ಕೆ ಊರು ಕಾರಣ ಹುಡುಕಿತು. ಅಜ್ಜಿ ಹುಡುಕಿಕೊಟ್ಟಳು: ಸೊಸೆ ಮುಟ್ಟಾದಾಗ ಮರದ ನೆರಳು ದಾಟಿದ್ದಾಳೆ. ಅವತ್ತಿನಿಂದ ಅವ್ವ ಹಿತ್ತಲಿಗೆ ಕಾಲಿಡಕೂಡದು. ಬಟ್ಟೆ ಒಗೆಯುವ ಕಲ್ಲು ಹಿತ್ತಲಲ್ಲಿತ್ತು, ಅದು ಅವಳಿಗಿಲ್ಲ. ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು, ಬೀದಿ ಸುತ್ತಿ, ಊರವರ ಕಣ್ಣೆದುರಿಗೆ ನಾಲೆಗೆ ಹೋಗಬೇಕಾಯಿತು. ಆಗ ಹಿತ್ತಲಿಗೆ ಓಡಿದೆ. ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಅರಚಿದೆ.

"ಅದು ತೀರ್ಥ ಅಲ್ಲ! ಜೀರುಂಡೆ ಉಚ್ಚೆ! ನಾನೇ ಸುಳ್ಳೇಳಿದ್ದೆ!"

ಅಜ್ಜಿ ಗೌಡರ ಕಡೆ ತಿರುಗಿ ಮರುಕದಿಂದ ಹೇಳಿದಳು:

"ಪಾಪ, ಅವ್ವುನ್ನ ಉಳ್ಸಕೆ ಮಗ ಎಂಗೆ ಸುಳ್ಳೇಳ್ತದೆ ನೋಡಿ."

ಸುಳ್ಳು ಹೇಳಿದಾಗ ನಂಬಿದರು, ನಿಜ ಹೇಳಿದಾಗ ಪಾಪ ಎಂದರು. ಆ 'ಪಾಪ' ನನ್ನ ಕಿವಿಯಲ್ಲಿ ಇವತ್ತಿಗೂ ಗರಗಸ ಎಳೆಯುತ್ತದೆ. ಮರದಮ್ಮನ ಕೋಪ ಇಳಿಸಲು ಕಟ್ಟೆಯ ಮೇಲೆ ಒಂದು ಗೂಡು ಕಟ್ಟಿಸಿ, ಅದಕ್ಕೆ ಬಾಗಿಲು ಇಡಬೇಕು ಎಂದು ತೀರ್ಮಾನವಾಯಿತು. ಒಣಗಿದ ಮರ ಮನೆಯಲ್ಲಿತ್ತಲ್ಲ. ಅಪ್ಪ ಅಡಿಗೆಮನೆಯ ಗೋಡೆಗೆ ಒರಗಿಸಿದ್ದ ಹಲಸಿನ ಹಲಗೆ ಎತ್ತಿಕೊಂಡು ಹೊರಟಾಗ ಅವ್ವ ರಾಗಿಮುದ್ದೆ ತಿರುವುತ್ತಿದ್ದಳು. ತಲೆ ಎತ್ತಲಿಲ್ಲ. ಅಪ್ಪ ಅಲ್ಲೇ ಒಂದು ಗಳಿಗೆ ನಿಂತ. ಅವಳು ಬೈಯಲಿ ಎಂದು ನಿಂತನೋ ಏನೋ. ಒಂದು ಬೈಗುಳ, ಒಂದೇ ಒಂದು 'ನೀನು' ಬಂದಿದ್ದರೆ ಆ ಹಲಗೆ ಕೆಳಗಿಡುತ್ತಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ. ಬರಲಿಲ್ಲ. ಅವ್ವ ಬದುಕಿದ್ದಷ್ಟು ಕಾಲ ಅಪ್ಪನನ್ನು ಮತ್ತೆ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಲಿಲ್ಲ. ಅಪ್ಪ ಅವಳಿಗೆ ಮತ್ತೊಂದು ವಸ್ತು ಮಾಡಿಕೊಡಲಿಲ್ಲ. ಊರಿನವರು ಮಾತ್ರ ಎಂಥ ಸಂಸಾರ ನೋಡಿ, ಒಂದು ದಿನ ಜಗಳವಿಲ್ಲ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಕಲ್ಲು ಎತ್ತಿ ಎಸೆಯಬೇಕು ಅನ್ನಿಸುತ್ತಿತ್ತು.

ಅಜ್ಜಿ ಹೋದಳು, ಅವ್ವ ಹೋದಳು, ಅಪ್ಪನೂ ಹೋದ. ಮನೆ ನನ್ನ ಪಾಲಿಗೆ ಬಂತು, ಹಿತ್ತಲು ನನ್ನದು, ಕಟ್ಟೆ ಊರದು. ಅದಕ್ಕೆ ಟೈಲ್ಸ್ ಬಂತು, ಸ್ಟೀಲಿನ ಕಂಬಿ ಬಂತು. ಮರ ಒಂದು ಕಡೆ ಒಣಗಿತು, ಒಣಗಿದ ಕೊಂಬೆಗೆ ಟ್ಯೂಬ್‌ಲೈಟು ಕಟ್ಟಿದರು. ಹೋದ ವರ್ಷ ಗೌಡರ ಮೊಮ್ಮಗ ಪ್ರಕಾಶ, ಒಳ್ಳೆಯ ಹುಡುಗ, ಮನೆಗೆ ಬಂದು ಹಿತ್ತಲಿಗೆಲ್ಲ ಗ್ರಾನೈಟು ಹಾಕಿಸೋಣ, ಜೊತೆಗೆ ನಿಮಗೊಂದು ಸನ್ಮಾನ ಎಂದ. ಉಳಿದಿದ್ದ ಮೂರು ಮಾರು ಮಣ್ಣನ್ನೂ ಮುಚ್ಚುತ್ತಾನಂತೆ! ಮೈಕು ಸಿಗುತ್ತದಲ್ಲ ಎಂದು ಸನ್ಮಾನಕ್ಕೆ ಸರಿ ಎಂದೆ. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಮೈಕು ಕೊಟ್ಟರು. ಮೈಕಿನಲ್ಲಿ ಎಲ್ಲವನ್ನೂ ಹೇಳಿದೆ, ಉಚ್ಚೆ ಎಂಬ ಪದವನ್ನು ಮೂರು ಸಲ ಬಳಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕು ಚಪ್ಪಾಳೆ ಹೊಡೆದರು.

"ಕಾಳ್‌ ತಾತುಂಗೆ ಈ ವಯಸ್ಸಲ್ಲೂ ತಮಾಸೆ ಓಗಿಲ್ಲ ನೋಡ್ರಪ್ಪ" ಎಂದ ಪ್ರಕಾಶ.

ಮನೆಗೆ ಬಂದು ಪೇಟ ಕಿತ್ತು ಎಸೆದೆ. ನನ್ನ ಹೆಂಡತಿ ಜಯಮ್ಮ ಅದನ್ನು ಎತ್ತಿ ಮೊಳೆಗೆ ಸಿಕ್ಕಿಸುತ್ತ ಹೇಳಿದಳು:

"ನಿಮ್ಮ ಬಾಯಲ್ಲಿ ನಿಜ ಬಂದ್ರೆ ಯಾರ್ ನಂಬ್ತಾರೆ? ನಿಮ್ಗೆ ಬರೋ ಕೆಲ್ಸ ಮಾಡಿ."

ಮಾರನೆಯ ಬೆಳಗ್ಗೆ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಪ್ರಕಾಶನ ಮನೆ ಬಾಗಿಲಿಗೆ ಹೋಗಿ ಕೂತೆ. ಹತ್ತನೇ ವಯಸ್ಸಿನ ಆ ಗಟ್ಟಿ ಮುಖ ಎಲ್ಲೂ ಹೋಗಿರಲಿಲ್ಲ.

"ಮರದಮ್ಮ ಬಂದಿದ್ಲು ಕಣಪ್ಪ ಕನಸ್ನಲ್ಲಿ. ಮೈಮ್ಯಾಲೆಲ್ಲ ಕಲ್ಲು ಏರ್ಬುಟ್ಟವ್ರೆ ಮಗ, ಉಸ್ರು ಕಟ್ತಾದೆ ಅಂದ್ಲು. ತೀರ್ಥ ನಿಂತಿದ್ದು ಯಾರ್ ತಪ್ಪಿಂದ್ಲೂ ಅಲ್ಲ, ಕಲ್ಲಿಂದ ಅಂದ್ಲು. ನಂಗೆ ಮಣ್ಣು ಬುಟ್ರೆ ಬ್ಯಾರೇನೂ ಬ್ಯಾಡ ಅಂದ್ಲು."

ಹುಡುಗನ ಮುಖ ಬಿಳುಚಿಕೊಂಡಿತು. ಮೂರೇ ದಿನ. ಟೈಲ್ಸು, ಸಿಮೆಂಟು, ಚಪ್ಪಡಿ, ಕಂಬಿ, ಎಲ್ಲವನ್ನೂ ಟ್ರಾಕ್ಟರಿಗೆ ತುಂಬಿಕೊಂಡು ಹೋದರು. ಖುಷಿಯಾಯಿತೇ ಎಂದು ಕೇಳಬೇಡಿ. ಅವ್ವನನ್ನು ಉಳಿಸಲು ಹೇಳಿದ ನಿಜಕ್ಕೆ ಒಂದು ಕಲ್ಲೂ ಅಲುಗಲಿಲ್ಲ, ಈ ಮುದುಕನ ಸುಳ್ಳಿಗೆ ಟ್ರಾಕ್ಟರೇ ಬಂತು. ಯಾರ ಮೇಲೆ ರೇಗಲಿ? ಗೂಡಿನ ಬಾಗಿಲನ್ನು ಮಾತ್ರ ನಾನು ಇಟ್ಟುಕೊಂಡೆ. ಹಲಸು, ಇನ್ನೂ ಅರಿಶಿನದ ಬಣ್ಣ, ಅಪ್ಪನ ಕೀಲು ಒಂದು ಕೂದಲಷ್ಟೂ ಸಡಿಲವಾಗಿಲ್ಲ. ಒಂದೂವರೆ ಅಡಿ ಎತ್ತರ. ಯಾವ ಅಡಿಗೆಮನೆಗೂ ಆಗುವುದಿಲ್ಲ.

ನೆಲ ಬಿಚ್ಚಿದ ಕೂಡಲೇ ಜೀರುಂಡೆ ಬರುವುದಿಲ್ಲ ಎಂದು ನನಗೆ ಗೊತ್ತು. ಎಲ್ಲಿಂದಲಾದರೂ ಹಾರಿ ಬಂದು ಕಡ್ಡಿಯೊಳಗೆ ಮೊಟ್ಟೆಯಿಡಬೇಕು, ಮರಿ ಮಣ್ಣಿಗೆ ಬೀಳಬೇಕು, ವರ್ಷಗಟ್ಟಲೆ ಬೇರು ಹಿಡಿದಿರಬೇಕು. ನನ್ನ ಹತ್ತಿರ ಅಷ್ಟು ವರ್ಷ ಇಲ್ಲ. ಕರಿಘಟ್ಟದ ಕುರುಚಲಿಗೂ ಪ್ರತಿ ಬೇಸಿಗೆ ಯಾರೋ ಒಬ್ಬ ದರಿದ್ರದವನು ಬೀಡಿ ಎಸೆದು ಬೆಂಕಿ ಹಚ್ಚುತ್ತಾನೆ. ಆದರೂ ಈ ಬೇಸಿಗೆ ಒಂದು ಮಧ್ಯಾಹ್ನ, ಬಿಸಿಲು ಬಾವಿಕಟ್ಟೆ ಮುಟ್ಟಿದ ಹೊತ್ತಿಗೆ, ಹೊಂಗೆಯ ಹಸಿರು ಉಳಿದ ಮಗ್ಗುಲಿನಿಂದ ಗರಗಸ ಶುರುವಾಯಿತು. ಒಂದೇ ಒಂದು. ಬೆಂಕಿಗೆ ಹೆದರಿ ಬೆಟ್ಟದಿಂದ ಬಂದದ್ದಿರಬೇಕು. ಉಣ್ಣುತ್ತಿದ್ದವನು ಕೈ ತೊಳೆಯದೆ ಎದ್ದು ಓಡಿದೆ. ಮರದ ಕೆಳಗೆ, ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಬಿಚ್ಚಿದೆ. ಸದ್ದು ಏರಿತು, ನಾನೂ ಏರಿಸಿದೆ: ಅಪ್ಪನನ್ನು ಬೈದೆ, ಅಜ್ಜಿಯನ್ನು ಬೈದೆ, ಬೆಲ್ಲದುಂಡೆ ತಿಂದ ಆ ಪೋಕರಿಯನ್ನು ಹುಟ್ಟಡಗಿಸುವ ಹಾಗೆ ಬೈದೆ. ಕೊನೆಗೆ, "ಅವ್ವಾ, ನಂದೇ ತಪ್ಪು ಕಣವ್ವ" ಎನ್ನುವಲ್ಲಿಗೆ ಬಂದೆ.

ಜೀರುಂಡೆ ಗಪ್ಪನೆ ನಿಂತಿತು. ಮಾತು ಬತ್ತಲೆಯಾಗಿ ಹಿತ್ತಲು ದಾಟಿ ಒಳಗೆ ಹೋಗಿ ಬಿತ್ತು.

"ಏನಂದ್ರಿ?" ಎಂದು ಜಯಮ್ಮ ಅಡಿಗೆಮನೆಯಿಂದ ಕೂಗಿದಳು.

"ಏನಿಲ್ಲ ಕಣೇ," ಎಂದೆ, "ಉಪ್ಪು ಅಂದೆ."